ಸಮುದಾಯಾಭಿವೃದ್ಧಿ ಸ್ವಯಂಸೇವಕರ ತರಬೇತಿ: ಆಫ್ರಿಕಾದ ದಕ್ಷಿಣ ವಲಯ

ಆರೋಗ್ಯ, ನೀರು, ಬೇಸಾಯ, ವಸತಿ, ಉಳಿತಾಯ ಮೊದಲಾದ ಊರೊಟ್ಟಿನ ಕೆಲಸಗಳಲ್ಲಿ ಸಂಬಳವಿಲ್ಲದೆ ಅಥವಾ ಅಲ್ಪ ಗೌರವಧನಕ್ಕೆ ದುಡಿಯುವವರನ್ನು ಸಿದ್ಧಗೊಳಿಸಲು ಆಫ್ರಿಕಾ ಖಂಡದ ದಕ್ಷಿಣದ ದೇಶಗಳಲ್ಲಿ ಬೆಳೆದುಬಂದ ಕ್ರಮಗಳನ್ನು ಈ ಲೇಖನ ಪರಿಚಯಿಸುತ್ತದೆ. ದಕ್ಷಿಣ ಆಫ್ರಿಕಾ ಗಣರಾಜ್ಯ, ಬೋಟ್ಸ್ವಾನ, ಲೆಸೊಥೊ, 2018ರವರೆಗೆ ಸ್ವಾಜಿಲ್ಯಾಂಡ್ ಎಂದು ಕರೆಸಿಕೊಳ್ಳುತ್ತಿದ್ದ ಎಸ್ವಾಟಿನಿ, ನಮೀಬಿಯ, ಜಿಂಬಾಬ್ವೆ, ಜಾಂಬಿಯ, ಮಲಾವಿ ಮತ್ತು ಮೊಜಾಂಬಿಕ್ ಇದರ ವ್ಯಾಪ್ತಿಗೆ ಬರುತ್ತವೆ. ಈ ದೇಶಗಳಲ್ಲಿ ಸ್ವಯಂಸೇವಕರು ಎರಡು ಬಗೆ. ವಿಮಾನದಲ್ಲಿ ಬಂದಿಳಿದು ಒಂದೆರಡು ವರ್ಷ ಇದ್ದು ಹೋಗುವವರು ಒಂದು ಬಗೆ. ಅದೇ ಊರಿನಲ್ಲಿ ಹುಟ್ಟಿ ಅಲ್ಲೇ ಉಳಿಯುವವರು, ಬಹುಪಾಲು ಹೆಂಗಸರು, ಇನ್ನೊಂದು ಬಗೆ. ಪುಸ್ತಕಗಳೂ ಛಾಯಾಚಿತ್ರಗಳೂ ಮೊದಲನೆಯವರನ್ನು ಕುರಿತೇ ಹೆಚ್ಚು. ಆದರೆ ತರಬೇತಿಯ ವಿಧಾನಗಳಲ್ಲಿ ಬಾಳಿಕೆ ಬಂದವು ಎರಡನೆಯವರಿಗಾಗಿ ಹುಟ್ಟಿದವು. ಆದ್ದರಿಂದ ಇಲ್ಲಿ ಅವರಿಗೇ ಹೆಚ್ಚು ಜಾಗ ಕೊಟ್ಟಿದೆ.

ಹಿನ್ನೆಲೆ

ಕೂಡಿ ದುಡಿಯುವುದನ್ನು ಇಲ್ಲಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಟ್ಸ್ವಾನ ಮತ್ತು ಸೋಥೊ ಜನರ ಲೆಟ್ಸೆಮಾ, ಶೋನರ ನ್ಹಿಂಬೆ, ಖೋಸ ಮತ್ತು ಜುಲು ಜನರ ಇಲಿಮಾ ಇವೆಲ್ಲ ನಮ್ಮ ಹಳ್ಳಿಗಳ ಮುಯ್ಯಾಳಿನಂಥವು: ಒಬ್ಬರ ಹೊಲದ ಉಳುಮೆಗೋ ಕಳೆಗೋ ಕೊಯ್ಲಿಗೋ ನೆರೆಹೊರೆಯವರು ಕೂಡುತ್ತಾರೆ, ಹೊಲದವರು ಊಟ ಹಾಕಿ ಮನೆಯಲ್ಲಿ ತಯಾರಿಸಿದ ಬಿಯರು ಕೊಡುತ್ತಾರೆ. ಈ ವ್ಯವಸ್ಥೆಯನ್ನು ಅಲುಗಿಸಿದ್ದು ಗಣಿಗಳು. ವಿಟ್‌ವಾಟರ್ಸ್‌ರಾಂಡಿನ ಚಿನ್ನದ ಗಣಿಗಳಿಗೆ ಲೆಸೊಥೊ, ಮೊಜಾಂಬಿಕ್, ಮಲಾವಿಗಳಿಂದ ಗಂಡಸರು ಗುತ್ತಿಗೆಯ ಮೇಲೆ ಹೋಗತೊಡಗಿದ ಮೇಲೆ ಹಳ್ಳಿಗಳಲ್ಲಿ ಉಳಿದವರು ಹೆಂಗಸರು, ಮುದುಕರು, ಮಕ್ಕಳು. ಮುಂದೆ ಯಾವ ಯೋಜನೆ ಬಂದರೂ ಸ್ವಯಂಸೇವಕರ ಸಾಲಿನಲ್ಲಿ ಹೆಂಗಸರೇ ನಿಂತದ್ದಕ್ಕೆ ಇದೂ ಒಂದು ಕಾರಣ.

ದಾಖಲೆಯಲ್ಲಿ ಸಿಗುವ ಆರಂಭದ ತರಬೇತಿಗಳಲ್ಲೊಂದು ಭಾರತೀಯರದು. 1899ರಲ್ಲಿ ಬೋಅರ್ ಯುದ್ಧ ಆರಂಭವಾದಾಗ ಗಾಂಧೀಜಿ ನಟಾಲಿನಲ್ಲಿ ಭಾರತೀಯ ಆಂಬ್ಯುಲೆನ್ಸ್ ದಳ ಕಟ್ಟಿದರು. ಸುಮಾರು 1,100 ಮಂದಿಯ ಆ ದಳದಲ್ಲಿ ಹೆಚ್ಚಿನವರು ಕರಾರು ಕೂಲಿಗಳು. ಗಾಯಾಳುಗಳ ಶುಶ್ರೂಷೆಯನ್ನು ಕಲಿಸಿದವರು ಡರ್ಬನ್ನಿನ ಡಾಕ್ಟರ್ ಬೂತ್. 1904ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ರೋಗಿಗಳ ಆರೈಕೆಗೆ ಇಳಿದದ್ದೂ ಗಾಂಧೀಜಿ ಮತ್ತು ಅವರ ಜೊತೆಗಾರರೇ. ಅದೇ ವರ್ಷ ಡರ್ಬನ್ ಬಳಿ ಫೀನಿಕ್ಸ್ ಆಶ್ರಮ, 1910ರಲ್ಲಿ ಟಾಲ್‌ಸ್ಟಾಯ್ ಫಾರಂ ಆರಂಭವಾದವು. ಟಾಲ್‌ಸ್ಟಾಯ್ ಫಾರಮ್ಮಿನಲ್ಲಿ ಚಪ್ಪಲಿ ಹೊಲಿಯುವುದನ್ನು ಹೇಳಿಕೊಟ್ಟ ಗಾಂಧೀಜಿಯ ಗೆಳೆಯ ಕ್ಯಾಲನ್‌ಬಾಕ್ ಸ್ವತಃ ಮರಿಯನ್‌ಹಿಲ್ಲಿನ ಟ್ರ್ಯಾಪಿಸ್ಟ್ ಸನ್ಯಾಸಿಗಳ ಮಠದಲ್ಲಿ ಅದನ್ನು ಕಲಿತು ಬಂದವರು. ಒಬ್ಬ ಕಲಿತು ಬಂದು ಉಳಿದವರಿಗೆ ಕಲಿಸುವ ಈ ಸರಳ ಕ್ರಮ ಮುಂದಿನ ಅನೇಕ ಪ್ರಯೋಗಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಕಾಣಸಿಗುತ್ತದೆ.

1940ರಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿ ನಟಾಲಿನ ಫೊಲೇಲದಲ್ಲಿ ಆರೋಗ್ಯ ಕೇಂದ್ರ ತೆರೆದರು. ಎಡ್ವರ್ಡ್ ಮತ್ತು ಅಮೇಲಿಯ ಜಾಲಿ ಎಂಬ ಆಫ್ರಿಕನ್ ದಂಪತಿ ಅವರ ಸಹೋದ್ಯೋಗಿಗಳು. ಔಷಧಿ ಕೊಟ್ಟು ಕಳಿಸಿದರೆ ಮಕ್ಕಳ ಅಪೌಷ್ಟಿಕತೆ ಹೋಗುವುದಿಲ್ಲವೆಂದು ಮನಗಂಡು ಅವರು ಸ್ಥಳೀಯರನ್ನೇ ಆರೋಗ್ಯ ಸಹಾಯಕರನ್ನಾಗಿ ತಯಾರು ಮಾಡಿದರು. ಮನೆಮನೆಯ ನಕ್ಷೆ ಬರೆಯುವುದು, ಹುಟ್ಟು ಸಾವಿನ ಲೆಕ್ಕ ಇಡುವುದು, ಮತ್ತೆ ಮತ್ತೆ ಅದೇ ಮನೆಗಳಿಗೆ ಹೋಗಿ ಮಾತಾಡುವುದು, ಹಿತ್ತಿಲಲ್ಲಿ ತರಕಾರಿ ಬೆಳೆಸುವುದು ಇವು ಅವರ ಪಾಠಗಳು. ಇಂದು ಸಮುದಾಯ ಆರೋಗ್ಯ ಕಾರ್ಯಕರ್ತೆಯ ಕೆಲಸವೆಂದು ಜಗತ್ತಿನೆಲ್ಲೆಡೆ ಹೇಳುವುದರ ಬಹುಪಾಲು ಫೊಲೇಲದಲ್ಲಿ ಆಗಲೇ ನಡೆದಿತ್ತು. ಹೆನ್ರಿ ಗ್ಲುಕ್‌ಮನ್ ಆಯೋಗ 1944ರಲ್ಲಿ ಇಂಥ ಕೇಂದ್ರಗಳನ್ನು ದೇಶದಾದ್ಯಂತ ತೆರೆಯಬೇಕೆಂದಿತು. ನಲವತ್ತರಷ್ಟು ತೆರೆದವು ಕೂಡ. 1948ರಲ್ಲಿ ವರ್ಣಭೇದ ನೀತಿಯ ನ್ಯಾಷನಲ್ ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಅವುಗಳಿಗೆ ಆಸರೆ ತಪ್ಪಿತು. ಕಾರ್ಕ್ ದಂಪತಿ 1950ರ ದಶಕದ ಕೊನೆಯಲ್ಲಿ ದೇಶ ಬಿಟ್ಟು ಹೋಗಿ ಜೆರುಸಲೇಮಿನಲ್ಲಿ ನೆಲೆಸಿದರು.

ಸೆರೋವೆಯಿಂದ ಕಿಂಗ್ ವಿಲಿಯಮ್ಸ್ ಟೌನಿಗೆ

ಪ್ಯಾಟ್ರಿಕ್ ವಾನ್ ರೆನ್ಸ್‌ಬರ್ಗ್ ದಕ್ಷಿಣ ಆಫ್ರಿಕಾ ಸರ್ಕಾರದ ರಾಜತಾಂತ್ರಿಕ ಅಧಿಕಾರಿಯಾಗಿದ್ದವರು. ವರ್ಣಭೇದ ನೀತಿಯನ್ನು ವಿರೋಧಿಸಿ 1957ರಲ್ಲಿ ಹುದ್ದೆ ತೊರೆದರು. ಮುಂದೆ ಗಡಿ ದಾಟಿ ಇಂದಿನ ಬೋಟ್ಸ್ವಾನದ ಸೆರೋವೆಯಲ್ಲಿ ನೆಲೆನಿಂತು 1963ರಲ್ಲಿ ಸ್ವಾನೆಂಗ್ ಹಿಲ್ ಶಾಲೆಯನ್ನು ಆರಂಭಿಸಿದರು. ಕಟ್ಟಡಗಳನ್ನು ವಿದ್ಯಾರ್ಥಿಗಳೂ ಹೊರದೇಶಗಳ ಸ್ವಯಂಸೇವಕರೂ ಸೇರಿ ಕಟ್ಟಿದರು. ಪ್ರಾಥಮಿಕ ಶಾಲೆ ಮುಗಿಸಿ ಮುಂದೆ ಓದಲಾಗದ ಹುಡುಗರಿಗಾಗಿ 1965ರಲ್ಲಿ ಹುಟ್ಟಿದ ‘ಬ್ರಿಗೇಡ್’ಗಳು ಇದಕ್ಕಿಂತ ಮುಖ್ಯ. ಗಾರೆ ಕೆಲಸ, ಬಡಗಿತನ, ಬೇಸಾಯ ಕಲಿಯುತ್ತಲೇ ಹುಡುಗರು ನಿಜವಾದ ಮನೆ ಕಟ್ಟುತ್ತಿದ್ದರು, ಮಾರುವಂಥ ಸರಕು ತಯಾರಿಸುತ್ತಿದ್ದರು. ಆ ದುಡ್ಡಿನಿಂದ ತರಬೇತಿಯ ಖರ್ಚು ಹೊರಡಬೇಕು. ಈ ಲೆಕ್ಕ ಕಾಗದದ ಮೇಲೆ ಕೂಡಿಬಂದಷ್ಟು ಸಲೀಸಾಗಿ ನೆಲದ ಮೇಲೆ ಕೂಡಿಬರಲಿಲ್ಲವಾದರೂ ಬ್ರಿಗೇಡ್‌ಗಳು ದೇಶದ ಬೇರೆ ಊರುಗಳಿಗೂ ಹರಡಿದವು. ವಾನ್ ರೆನ್ಸ್‌ಬರ್ಗ್ ಅವರಿಗೆ 1981ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ದಕ್ಷಿಣ ಆಫ್ರಿಕಾದಿಂದ ಬಂದು ಸೆರೋವೆಯಲ್ಲಿ ಬದುಕಿದ ಕಾದಂಬರಿಕಾರ್ತಿ ಬೆಸ್ಸಿ ಹೆಡ್ ಅಲ್ಲಿನ ಸಹಕಾರಿ ತೋಟದಲ್ಲಿ ದುಡಿದವರು. ಊರಿನವರ ಮಾತುಗಳಲ್ಲೇ ಊರಿನ ಚರಿತ್ರೆ ಬರೆದು ಈ ಪ್ರಯೋಗವನ್ನು ದಾಖಲಿಸಿದವರೂ ಅವರೇ.

ದಕ್ಷಿಣ ಆಫ್ರಿಕಾದೊಳಗೆ ತರಬೇತಿ ರಾಜಕೀಯದಿಂದ ದೂರ ಉಳಿಯುವಂತಿರಲಿಲ್ಲ. ಬ್ರೆಜಿಲಿನ ಪೌಲೊ ಫ್ರೇರೆ ಅವರ ಶಿಕ್ಷಣ ಚಿಂತನೆಯನ್ನು ಅಲ್ಲಿಗೆ ತಂದವರಲ್ಲಿ ಆನ್ ಹೋಪ್ ಪ್ರಮುಖರು. 1972ರಲ್ಲಿ ಅವರು ವರ್ಣಭೇದ ವಿರೋಧಿ ಯುವ ನಾಯಕ ಸ್ಟೀವ್ ಬೀಕೊ ಮತ್ತು ಅವರ ವಿದ್ಯಾರ್ಥಿ ಸಂಘಟನೆಯ ಗೆಳೆಯರ ಸಣ್ಣ ತಂಡವೊಂದಕ್ಕೆ ಕೆಲವು ತಿಂಗಳುಗಳ ಉದ್ದಕ್ಕೂ ಬಿಡಿಬಿಡಿಯಾಗಿ ಶಿಬಿರ ನಡೆಸಿದರು. ಒಂದು ಶಿಬಿರಕ್ಕೂ ಇನ್ನೊಂದಕ್ಕೂ ನಡುವೆ ಶಿಬಿರಾರ್ಥಿಗಳು ಜನರ ನಡುವೆ ಹೋಗಿ ಕಿವಿಗೊಟ್ಟು ಬರಬೇಕು. ಬಸ್ ನಿಲ್ದಾಣದಲ್ಲಿ, ನೀರಿನ ಕೊಳಾಯಿಯ ಬಳಿ, ಹೆಂಡದಂಗಡಿಯಲ್ಲಿ ಜನ ಯಾವುದರ ಬಗ್ಗೆ ಸಿಟ್ಟಿನಿಂದ, ಭಯದಿಂದ, ಆಸೆಯಿಂದ ಮಾತಾಡುತ್ತಾರೆ? ಅದನ್ನು ಚಿತ್ರವಾಗಿಸಿಯೋ ಕಿರುನಾಟಕವಾಗಿಸಿಯೋ ಅದೇ ಜನರ ಮುಂದಿಟ್ಟು ಚರ್ಚೆ ಎಬ್ಬಿಸಬೇಕು. ಉತ್ತರವನ್ನು ತರಬೇತುದಾರ ಹೇಳಕೂಡದು. ಇದರಲ್ಲಿ ಪಳಗಿದವರು ಕರಿಯರ ಸಮುದಾಯ ಕಾರ್ಯಕ್ರಮಗಳ ಬೆನ್ನೆಲುಬಾದರು. ಕಿಂಗ್ ವಿಲಿಯಮ್ಸ್ ಟೌನಿನ ಬಳಿ 1975ರಲ್ಲಿ ಆರಂಭವಾದ, ವೈದ್ಯೆ ಮ್ಯಾಂಫೆಲಾ ರಾಂಫೆಲೆ ನಡೆಸಿದ ಜನೆಂಪಿಲೊ ಆರೋಗ್ಯ ಕೇಂದ್ರ ಅವುಗಳಲ್ಲಿ ಹೆಸರಾದುದು. ಬೀಕೊ 1977ರ ಸೆಪ್ಟೆಂಬರಿನಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತರು. ಅಕ್ಟೋಬರ್ 19ರಂದು ಸರ್ಕಾರ ಈ ಕಾರ್ಯಕ್ರಮಗಳನ್ನೂ ಆ ವಿದ್ಯಾರ್ಥಿ ಸಂಘಟನೆಯನ್ನೂ ನಿಷೇಧಿಸಿತು.

ವಿಧಾನ ಮಾತ್ರ ಸಾಯಲಿಲ್ಲ. ಆನ್ ಹೋಪ್ ಮತ್ತು ಸ್ಯಾಲಿ ಟಿಮ್ಮೆಲ್ 1974ರಿಂದ ಕೆನ್ಯದಲ್ಲಿ ಅದನ್ನು ಬೆಳೆಸಿ, ‘ಪರಿವರ್ತನೆಗಾಗಿ ತರಬೇತಿ’ ಎಂಬರ್ಥದ ಹೆಸರಿನಲ್ಲಿ ಮೂರು ಸಂಪುಟಗಳ ಕೈಪಿಡಿಯನ್ನು 1984ರಲ್ಲಿ ಜಿಂಬಾಬ್ವೆಯ ಗ್ವೇರು ನಗರದ ಮಾಂಬೊ ಪ್ರೆಸ್ಸಿನಿಂದ ಹೊರತಂದರು. ಈ ವಲಯದಲ್ಲಿ ಸಮುದಾಯ ಕಾರ್ಯಕರ್ತರ ಕೈಯಲ್ಲಿ ಅದರಷ್ಟು ಸವೆದ ಕೈಪಿಡಿ ಇನ್ನೊಂದಿರಲಾರದು. ಹರಾರೆ ಸಮೀಪದ ಸಿಲ್ವೇರಾ ಹೌಸ್ (1964), ಜಾಂಬಿಯದ ಕಿಟ್ವೆಯ ಮಿಂಡೋಲೊ ಕ್ರೈಸ್ತ ಪ್ರತಿಷ್ಠಾನ (1958) ಮೊದಲಾದ ಚರ್ಚ್ ಆಶ್ರಯದ ಕೇಂದ್ರಗಳೂ ಸ್ವಾತಂತ್ರ್ಯಕ್ಕೆ ಮೊದಲಿನಿಂದಲೇ ಕಾರ್ಮಿಕ ಮುಖಂಡರು, ಯುವಕರು, ಹೆಂಗಸರಿಗೆ ಶಿಬಿರ ನಡೆಸುತ್ತಿದ್ದವು.

ನೆರೆಮನೆಯವಳೇ ಗುರು

ಈಗಿನ ಲಿಂಪೊಪೊ ಪ್ರಾಂತ್ಯದ ಎಲಿಮ್ ಆಸ್ಪತ್ರೆಯಲ್ಲಿ ಸ್ವಿಟ್ಜರ್ಲೆಂಡಿನ ನೇತ್ರತಜ್ಞೆ ಎರಿಕಾ ಸುಟ್ಟರ್ ಕೆಲಸ ಮಾಡುತ್ತಿದ್ದರು. ಅಲ್ಲಿ ಟ್ರಕೋಮ ಎಂಬ ಕಣ್ಣಿನ ಸೋಂಕು ವಿಪರೀತವಾಗಿತ್ತು. ಕೊಳೆಯಾದ ಮುಖ, ನೊಣ, ಒಂದೇ ಬಟ್ಟೆಯಲ್ಲಿ ಹಲವರು ಮುಖ ಒರೆಸಿಕೊಳ್ಳುವುದು ಇವುಗಳಿಂದ ಹರಡುವ ಈ ಸೋಂಕು ಮತ್ತೆ ಮತ್ತೆ ತಗುಲಿದರೆ ಕೊನೆಗೆ ಕಣ್ಣೇ ಹೋಗುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾದ ಮಗು ಮನೆಗೆ ಹೋಗಿ ಮತ್ತೆ ಸೋಂಕು ಹಚ್ಚಿಕೊಳ್ಳುತ್ತಿತ್ತು. 1976ರ ಸುಮಾರಿಗೆ ಸುಟ್ಟರ್ ಮತ್ತು ಸ್ಥಳೀಯ ಮಹಿಳೆ ಸೆಲೀನಾ ಮಾಫೊರೊಗೊ ಹಳ್ಳಿಗಳ ಹೆಂಗಸರನ್ನು ‘ಕೇರ್ ಗ್ರೂಪ್’ ಎಂಬ ಗುಂಪುಗಳಾಗಿ ಕೂಡಿಸಿದರು. ಮುಖ ತೊಳೆಯುವುದು, ಕಸದ ಗುಂಡಿ, ಕಕ್ಕಸು ಎಲ್ಲವನ್ನೂ ಮೊದಲು ತಮ್ಮ ಮನೆಯಲ್ಲಿ ಮಾಡಿ ತೋರಿಸಿ ಆಮೇಲೆ ನೆರೆಮನೆಗೆ ಹೇಳಬೇಕು. ಪಾಠಗಳು ಹಾಡಾಗಿ ಆಟವಾಗಿ ಸಾಗುತ್ತಿದ್ದವು. ಓದುಬರಹ ಬಲ್ಲವರೇ ಆಗಬೇಕೆಂದಿರಲಿಲ್ಲ. ಮಾಫೊರೊಗೊ ಮುಂದೆ ತಮ್ಮ ಅನುಭವವನ್ನು ಪುಸ್ತಕವಾಗಿಸಿದರು. ಸಮುದಾಯವೇ ನನ್ನ ವಿಶ್ವವಿದ್ಯಾಲಯ ಎಂಬುದು ಅದರ ಹೆಸರಿನ ಅರ್ಥ. ತರಬೇತಿಯ ಬಗ್ಗೆ ಬಂದಿರುವ ತೂಕದ ವರದಿಗಳಿಗಿಂತ ಆ ಪುಸ್ತಕದಿಂದ ಕಲಿಯುವುದು ಹೆಚ್ಚಿದೆ.

ಗಡಿಯಾಚೆ ಮೊಜಾಂಬಿಕಿನಲ್ಲಿ 1995ರಿಂದ ‘ಕೇರ್ ಗ್ರೂಪ್’ ಎಂಬುದೇ ಒಂದು ಅಚ್ಚುಕಟ್ಟಾದ ತರಬೇತಿ ಪದ್ಧತಿಯಾಯಿತು. ಗಾಜಾ ಪ್ರಾಂತ್ಯದಲ್ಲಿ ವರ್ಲ್ಡ್ ರಿಲೀಫ್ ಸಂಸ್ಥೆ ಇದನ್ನು ರೂಪಿಸಿತು. ಸಂಬಳ ಪಡೆಯುವ ಒಬ್ಬ ಪ್ರವರ್ತಕಿ ಎರಡು ವಾರಕ್ಕೊಮ್ಮೆ ಹತ್ತರಿಂದ ಹದಿನೈದು ಸ್ವಯಂಸೇವಕಿಯರನ್ನು ಕೂಡಿಸಿ ಒಂದೇ ಒಂದು ಪಾಠ ಹೇಳುತ್ತಾಳೆ. ಎದೆಹಾಲು, ಭೇದಿಗೆ ಉಪ್ಪು ಸಕ್ಕರೆ ನೀರು, ಸೊಳ್ಳೆಪರದೆ ಇಂಥ ಯಾವುದಾದರೂ ಒಂದು ವಿಷಯ. ಮುಂದಿನ ಎರಡು ವಾರದೊಳಗೆ ಪ್ರತಿಯೊಬ್ಬಳೂ ಹತ್ತು ಹದಿನೈದು ನೆರೆಮನೆಗಳಿಗೆ ಹೋಗಿ ಅದನ್ನು ಹೇಳಿ, ಕಂಡದ್ದನ್ನು ಮುಂದಿನ ಸಭೆಯಲ್ಲಿ ವರದಿ ಮಾಡುತ್ತಾಳೆ. ಹೊರೆ ಹಂಚಿಹೋಗಿರುವುದರಿಂದ ಯಾರ ಮೇಲೂ ವಿಪರೀತ ಬೀಳುವುದಿಲ್ಲ. ಒಬ್ಬಳು ಬಿಟ್ಟುಹೋದರೂ ಗುಂಪು ಉಳಿಯುತ್ತದೆ. 2005ರಿಂದ 2010ರವರೆಗೆ ಸೊಫಾಲ ಪ್ರಾಂತ್ಯದ ಏಳು ಜಿಲ್ಲೆಗಳಲ್ಲಿ, ಸುಮಾರು 11 ಲಕ್ಷ ಜನರ ನಡುವೆ, ಫುಡ್ ಫಾರ್ ದ ಹಂಗ್ರಿ ಸಂಸ್ಥೆ ಇದೇ ಕ್ರಮವನ್ನು ಅನುಸರಿಸಿದಾಗ ಮಕ್ಕಳ ಅಪೌಷ್ಟಿಕತೆ ಗಮನಾರ್ಹವಾಗಿ ಇಳಿಯಿತು. ಖರ್ಚು ವರ್ಷಕ್ಕೆ ತಲಾ ಅರ್ಧ ಡಾಲರಿಗಿಂತ ಸ್ವಲ್ಪ ಹೆಚ್ಚು. ಇಷ್ಟು ಅಗ್ಗವಾದದ್ದು ಹೆಂಗಸರ ದುಡಿಮೆಗೆ ಬೆಲೆ ಕಟ್ಟದ್ದರಿಂದ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಇತ್ತೀಚಿನ ಪ್ರಯೋಗಗಳಲ್ಲಿ ಹೆಚ್ಚು ಹೆಸರಾದುದು ಜಿಂಬಾಬ್ವೆಯ ಗೆಳೆತನದ ಬೆಂಚು, ಅಂದರೆ ಫ್ರೆಂಡ್‌ಶಿಪ್ ಬೆಂಚ್. 2005ರಲ್ಲಿ ಸರ್ಕಾರ ನಗರದ ಬಡವರ ಮನೆಗಳನ್ನು ನೆಲಸಮ ಮಾಡಿದ ಮೇಲೆ ಹರಾರೆಯ ಎಂಬಾರೆ ಬಡಾವಣೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಹದಿನಾಲ್ಕು ಅಜ್ಜಿಯರೊಂದಿಗೆ ಇದನ್ನು ಆರಂಭಿಸಿದರು. ಈ ಅಜ್ಜಿಯರು ಮೊದಲೇ ನಗರಪಾಲಿಕೆಯ ಆರೋಗ್ಯ ವಿಭಾಗದಲ್ಲಿ ಕ್ಷಯ, ಏಡ್ಸ್ ಕುರಿತು ಮನೆಮನೆಗೆ ಹೋಗುತ್ತಿದ್ದವರು. ಮಾನಸಿಕ ಆರೋಗ್ಯದ ಬೆಂಚು ಎಂದು ಹೆಸರಿಟ್ಟಾಗ ಯಾರೂ ಕುಳಿತುಕೊಳ್ಳಲು ಬರಲಿಲ್ಲ; ಹೆಸರು ಬದಲಿಸಲು ಹೇಳಿದವರು ಅಜ್ಜಿಯರೇ. ಖಿನ್ನತೆಯೆಂಬ ಆಸ್ಪತ್ರೆಯ ಪದ ಬಿಟ್ಟು, ಅತಿಯಾಗಿ ಯೋಚಿಸುವ ಕಾಯಿಲೆ ಎಂಬರ್ಥದಲ್ಲಿ ಶೋನರು ಆಡುವ ‘ಕುಫುಂಗಿಸಿಸ’ ಎಂಬ ಮಾತನ್ನು ಹಿಡಿದುಕೊಂಡೇ ಅಜ್ಜಿಯರು ಮಾತು ಶುರುಮಾಡುತ್ತಾರೆ. ಮನಸ್ಸು ತೆರೆಸುವುದು, ಎತ್ತಿ ನಿಲ್ಲಿಸುವುದು, ಗಟ್ಟಿಗೊಳಿಸುವುದು ಎಂಬ ಮೂರು ಹಂತಗಳಲ್ಲಿ, ಬಂದವರು ತಮ್ಮ ಕಷ್ಟಗಳಲ್ಲಿ ಒಂದನ್ನು ಆರಿಸಿಕೊಂಡು ತಾವೇ ದಾರಿ ಹುಡುಕುವಂತೆ ಮಾಡುವುದು ಅವರ ಕೆಲಸ. ತರಬೇತಿ ಕೆಲವೇ ದಿನಗಳದು. ಆಮೇಲಿನ ಮೇಲ್ವಿಚಾರಣೆ ಮಾತ್ರ ನಿಲ್ಲುವುದಿಲ್ಲ. ಹರಾರೆಯ 24 ಚಿಕಿತ್ಸಾಲಯಗಳಲ್ಲಿ 573 ಮಂದಿಯ ಮೇಲೆ ನಡೆದ, 2016ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆರು ತಿಂಗಳ ಬಳಿಕ ಬೆಂಚಿನಲ್ಲಿ ಕುಳಿತವರ ಸ್ಥಿತಿ ಉಳಿದವರಿಗಿಂತ ಸ್ಪಷ್ಟವಾಗಿ ಉತ್ತಮವಾಗಿತ್ತು.

ಭಾರತದ ನಂಟು

1990ರ ದಶಕದಲ್ಲಿ ಎರಡು ವಿಧಾನಗಳು ಭಾರತದಿಂದ ಈ ವಲಯಕ್ಕೆ ಹರಿದವು. ಎರಡಕ್ಕೂ ಕರ್ನಾಟಕದ ನಂಟಿದೆ. ಹಳ್ಳಿಗರೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬರೆದು, ಕಾಳುಗಳಿಂದ ಲೆಕ್ಕ ಹಾಕಿ, ಮಳೆ ಬೆಳೆ ಸಾಲ ಕಾಯಿಲೆಗಳ ವರ್ಷಚಕ್ರ ಬಿಡಿಸಿ ಚರ್ಚಿಸುವ ಸಹಭಾಗಿ ಗ್ರಾಮೀಣ ಸಮೀಕ್ಷೆ ಮೊದಲನೆಯದು. ರಾಬರ್ಟ್ ಚೇಂಬರ್ಸ್ ಬರವಣಿಗೆಯಿಂದ ಪ್ರಚಾರಕ್ಕೆ ಬಂದ ಇದು ಪಕ್ವವಾದ ಜಾಗಗಳಲ್ಲಿ ಬೆಂಗಳೂರು ಮೂಲದ ಮೈರಾಡ ಸಂಸ್ಥೆಯ ಕಾರ್ಯಕ್ಷೇತ್ರವೂ ಒಂದು. ಇಲ್ಲಿ ರಂಗೋಲಿ ಪುಡಿಯಿಂದ ಬಿಡಿಸುತ್ತಿದ್ದ ನಕ್ಷೆಯನ್ನು ಅಲ್ಲಿ ಬೂದಿ, ಕಲ್ಲು, ಎಲೆಗಳಿಂದ ಬಿಡಿಸತೊಡಗಿದರು.

ಎರಡನೆಯದು ಗುಡಿಸಲುವಾಸಿಗಳ ಒಕ್ಕೂಟ. ಜಾಕಿನ್ ಅರ್ಪುತಂ ಹುಟ್ಟಿದ್ದು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ. ಹರೆಯದಲ್ಲೇ ಮುಂಬಯಿಗೆ ಹೋಗಿ ಕೊಳೆಗೇರಿಯಲ್ಲಿ ಬದುಕುತ್ತ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಕಟ್ಟಿದವರು. ವರ್ಣಭೇದ ಆಡಳಿತ ಕುಸಿಯುತ್ತಿದ್ದ 1991ರಲ್ಲಿ ದಕ್ಷಿಣ ಆಫ್ರಿಕಾದ ಬ್ರೂಡರ್‌ಸ್ಟ್ರೂಮಿನಲ್ಲಿ ಗುಡಿಸಲುವಾಸಿ ಮುಖಂಡರ ಸಭೆ ನಡೆದಾಗ ಅವರು ಅಲ್ಲಿಗೆ ಹೋದರು. ಸ್ವಾತಂತ್ರ್ಯ ಬಂದ ಮಾತ್ರಕ್ಕೆ ಬಡವರಿಗೆ ಸೂರು ಸಿಗುವುದಿಲ್ಲವೆಂಬ ಭಾರತದ ಅನುಭವವನ್ನು, ವಿಮೋಚನೆಯ ಹುರುಪಿನಲ್ಲಿದ್ದವರ ಮುಂದೆ ನೇರವಾಗಿ ಹೇಳಿದರು. ಬಳಿಕ ಅಲ್ಲಿಯ ಮುಖಂಡರು ಮುಂಬಯಿಗೆ ಬಂದು ಬೈಕುಲ್ಲಾದ ಫುಟ್‌ಪಾತ್‌ಗಳಲ್ಲಿ ಬದುಕುತ್ತಿದ್ದ, ಮಹಿಳಾ ಮಿಲನ್ ಸಂಘಟನೆಯ ಹೆಂಗಸರ ಜೊತೆ ಕುಳಿತು ಕಲಿತರು. ದಿನವೂ ಗುಡಿಸಲಿನಿಂದ ಗುಡಿಸಲಿಗೆ ಹೋಗಿ ಚಿಲ್ಲರೆ ಉಳಿತಾಯ ಕೂಡಿಸುವುದು, ತಮ್ಮ ಬಡಾವಣೆಯ ಜನಗಣತಿಯನ್ನು ತಾವೇ ನಡೆಸುವುದು, ಮನೆಯ ಪೂರ್ಣಾಕಾರದ ಮಾದರಿ ಕಟ್ಟಿ ನಿಂತು ನೋಡುವುದು ಇವೇ ಪಠ್ಯ. ಪ್ರಮಾಣಪತ್ರವೂ ಇಲ್ಲ, ಪರೀಕ್ಷೆಯೂ ಇಲ್ಲ. ಹಣ ಕೂಡಿಸಲು ಕಲಿತವಳು ಪಕ್ಕದ ಕೊಳೆಗೇರಿಗೆ ಹೋಗಿ ಅದನ್ನು ಕಲಿಸುತ್ತಾಳೆ. 1994ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಸತಿಹೀನರ ಒಕ್ಕೂಟ ಸ್ಥಾಪನೆಯಾಯಿತು. ವಸತಿ ಸಚಿವ ಜೋ ಸ್ಲೋವೊ ಅದರ ಸಾಲನಿಧಿಗೆ ಸರ್ಕಾರದ ನೆರವು ಒದಗಿಸಲು ಒಪ್ಪಿದರು. 1998ರ ಹೊತ್ತಿಗೆ ಜಿಂಬಾಬ್ವೆ ಮತ್ತು ನಮೀಬಿಯಗಳಲ್ಲೂ ಇಂಥ ಒಕ್ಕೂಟಗಳು ಹುಟ್ಟಿದವು. ಇಂಥ ಒಕ್ಕೂಟಗಳ ಅಂತರರಾಷ್ಟ್ರೀಯ ಸಂಘಟನೆ ಅದಕ್ಕೆ ಮೊದಲೇ, 1996ರಲ್ಲಿ, ರೂಪುಗೊಂಡಿತ್ತು. ಅರ್ಪುತಂ ಅದರ ಅಧ್ಯಕ್ಷರಾಗಿದ್ದರು. ಮ್ಯಾಗ್ಸೆಸೆ ಪ್ರಶಸ್ತಿ (2000), ಪದ್ಮಶ್ರೀ (2011) ಪಡೆದ ಅವರು 2018ರಲ್ಲಿ ತೀರಿಕೊಂಡರು. ಕರ್ನಾಟಕದಲ್ಲಿ ಹುಟ್ಟಿದವರ ಪೈಕಿ ಆಫ್ರಿಕಾದ ಬಡವರ ಬದುಕನ್ನು ಇಷ್ಟು ಹತ್ತಿರದಿಂದ ಮುಟ್ಟಿದವರು ವಿರಳ. ಅವರ ಹೆಸರು ನಮ್ಮಲ್ಲಿ ಕೇಳಿಬರುವುದು ಇನ್ನೂ ವಿರಳ.

ಹೊರಗಿನಿಂದ ಬಂದವರು

ಅಮೆರಿಕದ ಪೀಸ್ ಕೋರ್ 1963ರಲ್ಲಿ ಆಗಿನ್ನೂ ನ್ಯಾಸಾಲ್ಯಾಂಡ್ ಆಗಿದ್ದ ಮಲಾವಿಗೂ 1966ರಲ್ಲಿ ಬೋಟ್ಸ್ವಾನಕ್ಕೂ ಮುಂದೆ ಈ ವಲಯದ ಬಹುತೇಕ ದೇಶಗಳಿಗೂ ತನ್ನ ಸ್ವಯಂಸೇವಕರನ್ನು ಕಳಿಸಿತು. ದಕ್ಷಿಣ ಆಫ್ರಿಕಾಕ್ಕೆ ಅದು ಹೋದದ್ದು ಮಂಡೇಲಾ ಅಧ್ಯಕ್ಷರಾದ ಮೇಲೆ, 1997ರಲ್ಲಿ. ಆರಂಭದಲ್ಲಿ ತರಬೇತಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿತ್ತು. ಅದರಿಂದ ಪ್ರಯೋಜನ ಕಡಿಮೆಯೆಂದು ಕಂಡು ಆಯಾ ದೇಶಕ್ಕೇ ವರ್ಗಾಯಿಸಿದರು. ಈಗ ಸುಮಾರು ಹತ್ತು ಹನ್ನೆರಡು ವಾರ ಹಳ್ಳಿಯ ಕುಟುಂಬವೊಂದರ ಜೊತೆ ಇದ್ದು ಸೆಟ್ಸ್ವಾನ, ಚಿಚೆವ, ಸಿಸ್ವಾಟಿ ಮೊದಲಾದ ನುಡಿಯಲ್ಲಿ ನಿಗದಿತ ಮಟ್ಟ ಮುಟ್ಟಬೇಕು. ಈ ವಾರಗಳಲ್ಲಿ ನಿಜವಾದ ಗುರು ಅಡುಗೆಮನೆಯ ಒಡತಿಯೇ ಎಂದರೆ ತಪ್ಪಾಗದು.

ಎಲ್ಲ ಸಂಸ್ಥೆಗಳೂ ಒಂದೇ ತೂಕದವಲ್ಲ. ಡೆನ್ಮಾರ್ಕಿನ ಟ್ವಿಂಡ್ ಚಳವಳಿಯಿಂದ ಬೆಳೆದು ಜಿಂಬಾಬ್ವೆಯಲ್ಲಿ ಕೇಂದ್ರ ಮಾಡಿಕೊಂಡ ಹ್ಯುಮಾನ ಪೀಪಲ್ ಟು ಪೀಪಲ್ ಬಳಗ ಯುವಕರಿಂದಲೇ ಶುಲ್ಕ ಪಡೆದು, ನಿಧಿ ಸಂಗ್ರಹಿಸುವ ಕೆಲಸವನ್ನೂ ಮಾಡಿಸಿ, ಯೂರೋಪು ಅಮೆರಿಕಗಳ ತನ್ನ ಶಾಲೆಗಳಲ್ಲಿ ತರಬೇತಿ ಕೊಟ್ಟು ಇಲ್ಲಿಗೆ ಕಳಿಸುತ್ತಿತ್ತು. ಏಡ್ಸ್ ತಡೆಗಾಗಿ ಸ್ಥಳೀಯ ಕಾರ್ಯಕರ್ತರನ್ನು ಮನೆಮನೆಗೆ ಕಳಿಸಿದ ಅದರ ಕಾರ್ಯಕ್ರಮ ಹಲವು ದೇಶಗಳಲ್ಲಿ ನಡೆಯಿತು. ಚಳವಳಿಯ ನಾಯಕರ ಹಣಕಾಸಿನ ವ್ಯವಹಾರ ಡೆನ್ಮಾರ್ಕಿನಲ್ಲಿ ದೀರ್ಘ ಮೊಕದ್ದಮೆಗೂ ಗುರಿಯಾಯಿತು. ಇನ್ನು ಕೆಲವೇ ವಾರಗಳ ಪ್ರವಾಸಿ ಸ್ವಯಂಸೇವೆಯ ಹಾವಳಿ ಬೇರೆ. ಅನಾಥಾಲಯಗಳಿಗೆ ಬಂದು ಮಕ್ಕಳನ್ನು ಎತ್ತಿ ಆಡಿಸಿ ಹೋಗುವ ಅಪರಿಚಿತರಿಂದ ಮಕ್ಕಳ ಮನಸ್ಸಿಗೆ ಹಾನಿಯೇ ಹೆಚ್ಚೆಂದು ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲಿ ಎಚ್ಚರಿಸಿದರು.

ಸರ್ಕಾರಗಳೂ ತಮ್ಮದೇ ಪಡೆಗಳನ್ನು ಕಟ್ಟಿದವು. ಬೋಟ್ಸ್ವಾನದ ತಿರೆಲೊ ಸೆಚಾಬ ಯೋಜನೆ 1980ರಿಂದ 2000ದವರೆಗೆ ಪ್ರೌಢಶಾಲೆ ಮುಗಿಸಿದವರನ್ನು ಒಂದು ವರ್ಷ ದೂರದ ಹಳ್ಳಿಗಳಿಗೆ ಕಳಿಸುತ್ತಿತ್ತು. ಮಲಾವಿಯದು ಕಹಿ ಕಥೆ. ಬೇಸಾಯ ಕಲಿಸಿ ಗ್ರಾಮಾಭಿವೃದ್ಧಿಗೆ ಹಚ್ಚಲೆಂದು 1963ರಲ್ಲಿ ಕಟ್ಟಿದ ಮಲಾವಿ ಯಂಗ್ ಪಯೊನೀರ್ಸ್ ಪಡೆ ಅಧ್ಯಕ್ಷ ಬಂಡಾ ಅವರ ಸಶಸ್ತ್ರ ಬಂಟರ ದಳವಾಗಿ ಬೆಳೆದು, 1993ರ ಡಿಸೆಂಬರಿನಲ್ಲಿ ಸೈನ್ಯವೇ ಅದರ ಆಯುಧ ಕಿತ್ತುಕೊಳ್ಳಬೇಕಾಯಿತು.

ಏಡ್ಸ್ ಮತ್ತು ಕೂಲಿಯ ಪ್ರಶ್ನೆ

ಏಡ್ಸ್ ಹಬ್ಬಿದಾಗ ಆಸ್ಪತ್ರೆಗಳ ಹಾಸಿಗೆ ಸಾಲದೆ ರೋಗಿಗಳನ್ನು ಮನೆಯಲ್ಲೇ ನೋಡಿಕೊಳ್ಳುವ ವ್ಯವಸ್ಥೆ ಬಂತು. ಜಾಂಬಿಯದ ಚಿಕಂಕಾಟ ಆಸ್ಪತ್ರೆ 1987ರಲ್ಲೇ ಇದಕ್ಕೆ ದಾರಿ ತೋರಿತ್ತು. ಸಾವಿರಾರು ಹೆಂಗಸರು ಹಾಸಿಗೆ ಹಿಡಿದವರನ್ನು ತೊಳೆಯುವುದು, ಹುಣ್ಣಿಗೆ ಮದ್ದು ಹಚ್ಚುವುದು, ಗುಳಿಗೆ ತಪ್ಪದಂತೆ ನೋಡುವುದು ಕಲಿತರು. ದಕ್ಷಿಣ ಆಫ್ರಿಕಾದಲ್ಲಿ 1998ರಲ್ಲಿ ಹುಟ್ಟಿದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಒಂದು ಹೆಜ್ಜೆ ಮುಂದೆ ಹೋಗಿ, ವೈರಸ್ ಹೇಗೆ ದೇಹವನ್ನು ಕೆಡಿಸುತ್ತದೆ, ಔಷಧಿಯ ಬೆಲೆ ಯಾಕೆ ಹೆಚ್ಚು ಎಂಬುದನ್ನೂ ಸಾಮಾನ್ಯರಿಗೆ ಕಲಿಸಿತು. ಹಾಗೆ ಕಲಿತವರು ಚಿಕಿತ್ಸಾಲಯದಲ್ಲಿ ಸಹಾಯ ಮಾಡಿದರು, ಬೀದಿಗಿಳಿದು ಸರ್ಕಾರವನ್ನು ಪ್ರಶ್ನಿಸಿದರು ಕೂಡ.

ಜೋಹಾನ್ಸ್‌ಬರ್ಗಿನ ವೊಸೇಸ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು, ಇಲ್ಲಿ ಸ್ವಯಂಸೇವಕರೂ ಸೇವೆ ಪಡೆಯುವವರಷ್ಟೇ ಬಡವರು ಎಂಬುದು. ಉಳ್ಳವರು ಬಿಡುವಿನಲ್ಲಿ ಮಾಡುವ ಸೇವೆಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಗೌರವಧನ ಸಿಗಬಹುದು, ಮುಂದೆ ಕೆಲಸವಾದೀತು ಎಂಬ ಆಸೆಯಿಂದ ಸೇರುವವರು ಬಹಳ. ಎರಡೂ ಸಿಗದಿದ್ದರೆ ಬಿಟ್ಟುಹೋಗುತ್ತಾರೆ, ಮತ್ತೆ ಹೊಸಬರಿಗೆ ತರಬೇತಿ ಶುರು. ದಾನಿ ಸಂಸ್ಥೆಗಳು ಮೂರು ಅಥವಾ ಐದು ವರ್ಷದ ಯೋಜನೆಯಲ್ಲಿ ಶಿಬಿರಕ್ಕೆ, ಕೈಪಿಡಿಗೆ, ಊಟಕ್ಕೆ ಹಣ ಕೊಡುತ್ತವೆ. ಕಲಿತವಳ ತಿಂಗಳ ಸಂಬಳಕ್ಕೆ ಕೊಡಲು ಹಿಂಜರಿಯುತ್ತವೆ. ತರಬೇತಿಗಳ ಸಂಖ್ಯೆ ಏರಿದಷ್ಟು ಫಲ ಕಾಣದಿರಲು ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ. ಮಲಾವಿ ಈ ವಿಷಯದಲ್ಲಿ ಭಿನ್ನ: ಅಲ್ಲಿನ ಹಳ್ಳಿಗಳ ಆರೋಗ್ಯ ನಿಗಾ ಸಹಾಯಕರು ಸರ್ಕಾರಿ ಸಂಬಳದ ನೌಕರರು. ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕೆಲಸಕ್ಕೆ ತಕ್ಕ ಸಂಬಳ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಾರ್ಗಸೂಚಿ ಹೊರಡಿಸಿತು. ದಕ್ಷಿಣ ಆಫ್ರಿಕಾದ ಗೌಟೆಂಗ್ ಪ್ರಾಂತ್ಯ, ಕಾರ್ಮಿಕ ಸಂಘಗಳ ಹಲವು ವರ್ಷಗಳ ಒತ್ತಾಯದ ನಂತರ, 2020ರಲ್ಲಿ ತನ್ನ ಸಮುದಾಯ ಆರೋಗ್ಯ ಕಾರ್ಯಕರ್ತರನ್ನು ಕಾಯಂ ನೌಕರರಾಗಿ ಸೇರಿಸಿಕೊಂಡಿತು.